ಮಸ್ಟ್ ಬಿ, ಶುಡ್ ಬಿ: ಯಾರಿಂದ?

2023 ಆಗಸ್ಟ್ 30, ಬುಧವಾರ. ಮಂಡ್ಯ

ಹತ್ತನೇ ತರಗತಿಯ ಪ್ಯಾಸಿವ್ ವಾಯ್ಸ್ ಪಾಠ ಮೋಡಲ್‌ಗಳವರೆಗೆ ಬಂದಿದೆ. ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶಲ್, ಶುಡ್, ಮಸ್ಟ್. ಇವುಗಳಲ್ಲಿ ಯಾವುದಾದರೊಂದು, ಅದಾದ ಮೇಲೆ ‘ಬಿ’, ಅದಾದ ಮೇಲೆ ಕ್ರಿಯಾಪದದ ಥರ್ಡ್ ಫಾರ್ಮ್. ಸೂತ್ರ ಇಷ್ಟೇ. ಏಕವಚನ ಬಂದರೂ ಬಹುವಚನ ಬಂದರೂ ‘ಬಿ’ ಅಲುಗಾಡುವುದಿಲ್ಲ. ಈಸ್, ಆರ್, ವಾಸ್, ವರ್ ಅಂತ ಹೋದ ವಾರವೆಲ್ಲ ತಲೆ ಕೆಡಿಸಿಕೊಂಡ ಮಕ್ಕಳಿಗೆ ಇದು ಸುಲಭವಾಗಬೇಕಿತ್ತು. ಆಗುತ್ತಿಲ್ಲ.

ಗೈಡುಗಳಲ್ಲಿರುವ ಉದಾಹರಣೆಗಳೂ ಹಾಗೇ ಇವೆ. ಹಿ ಕ್ಯಾನ್ ಲಿಫ್ಟ್ ದ ಬಾಕ್ಸ್. ದ ಬಾಕ್ಸ್ ಕ್ಯಾನ್ ಬಿ ಲಿಫ್ಟೆಡ್ ಬೈ ಹಿಮ್. ‘ಆ ಪೆಟ್ಟಿಗೆ ಅವನಿಂದ ಎತ್ತಲ್ಪಡಬಹುದು’ ಅಂತ ಮದ್ದೂರಲ್ಲಾಗಲಿ ಲಂಡನ್ನಿನಲ್ಲಾಗಲಿ ಯಾರು ಮಾತಾಡುತ್ತಾರೆ? ಇವತ್ತು ಗೈಡನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಪೇಪರ್ ಹಿಡಿದುಕೊಂಡು ಕ್ಲಾಸಿಗೆ ಹೋದೆ. ಕಾವೇರಿ ನೀರು ನಿಯಂತ್ರಣ ಸಮಿತಿ ಮೊನ್ನೆ ಹೇಳಿದ್ದನ್ನೇ ನೀರು ನಿರ್ವಹಣಾ ಪ್ರಾಧಿಕಾರ ನಿನ್ನೆ ಎತ್ತಿಹಿಡಿದಿದೆ: ಕರ್ನಾಟಕ ಇನ್ನು 15 ದಿನ ತಮಿಳುನಾಡಿಗೆ 5000 ಕ್ಯುಸೆಕ್‌ನಂತೆ ನೀರು ಬಿಡಬೇಕು. ಬೋರ್ಡಿನ ಮೇಲೆ ನನ್ನದೇ ಇಂಗ್ಲಿಷಿನಲ್ಲಿ ಬರೆದೆ: ವಾಟರ್ ಮಸ್ಟ್ ಬಿ ರಿಲೀಸ್ಡ್.

“ಮಿಸ್, ಬೈ ಇಲ್ವಲ್ಲ?” ಅಂದಳು ಮುಂದಿನ ಬೆಂಚಿನ ಹುಡುಗಿ.

“ನೀನೇ ಹಾಕು ನೋಡೋಣ.”

“ಬೈ ಕರ್ನಾಟಕ.”

ಹಿಂದಿನ ಬೆಂಚಿನಿಂದ ಇನ್ನೊಂದು ಉತ್ತರ ಬಂತು: “ಬೈ ನಮ್ಮಪ್ಪ ಅಂತ ಬರ್ಕೊಳ್ಳಿ ಮಿಸ್. ಒಣಗೋದು ನಮ್ಮ್ ಗದ್ದೆ ತಾನೆ.”

ಕ್ಲಾಸೆಲ್ಲ ನಕ್ಕಿತು. ಪರೀಕ್ಷೆಯಲ್ಲಿ ಅವನಿಗೆ ಅಂಕ ಬರುವುದಿಲ್ಲ. ಆದರೆ ಈ ಪಾಠದ ತಿರುಳನ್ನು ಎಲ್ಲರಿಗಿಂತ ಮೊದಲು ಹಿಡಿದವನು ಅವನೇ. ಮಸ್ಟ್ ಎಂಬ ಕಟ್ಟಪ್ಪಣೆ ಇದೆ, ಮಾಡಬೇಕಾದ ಕೆಲಸ ಇದೆ, ಮಾಡುವವನ ಜಾಗ ಮಾತ್ರ ಖಾಲಿ. ಆ ಜಾಗದಲ್ಲಿ ಯಾರನ್ನು ಕೂರಿಸಬೇಕು ಅಂತ ಓದುವವರು ತಮ್ಮ ತಮ್ಮ ಅನುಭವದಿಂದ ತೀರ್ಮಾನಿಸುತ್ತಾರೆ.

ಸೆಪ್ಟೆಂಬರ್ 8, ಶುಕ್ರವಾರ. ಮದ್ದೂರು

ಚೀಟಿ ಪರೀಕ್ಷೆ ಕೊಟ್ಟಿದ್ದೆ. ಬಸ್ಸಿನಲ್ಲಿ ತಿದ್ದೋಣ ಅಂದರೆ ನಿಲ್ಲುವುದಕ್ಕೂ ಜಾಗವಿಲ್ಲ. ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಬೆಳಗಿನ ಬಸ್ಸು ನಮ್ಮಂಥ ಹೆಂಗಸರದ್ದೇ. ಸ್ಕೂಲಿಗೆ ಬಂದು ಬಿಡುವಿನ ಪೀರಿಯಡ್ಡಿನಲ್ಲಿ ಕೂತು ನೋಡಿದೆ. ತಪ್ಪುಗಳಿಗೂ ಒಂದು ಕ್ರಮವಿದೆ. ಕೆಲವರು ‘ಫೀಸ್ ಮಸ್ಟ್ ಪೇಯ್ಡ್’ ಅಂತ ‘ಬಿ’ಯನ್ನೇ ನುಂಗಿದ್ದಾರೆ. ಕೆಲವರು ‘ಮಸ್ಟ್ ಬಿ ಪೇ’ ಅಂತ ಥರ್ಡ್ ಫಾರ್ಮ್ ಮರೆತಿದ್ದಾರೆ. ಒಂದಿಬ್ಬರು ‘ದ ಫೆಸ್ಟಿವಲ್ ವಿಲ್ ಬಿ ಹ್ಯಾಪನ್ಡ್’ ಅಂತ ಬರೆದಿದ್ದಾರೆ.

ಅರ್ಥದಲ್ಲಿ ಮಾತ್ರ ಒಬ್ಬರೂ ತಪ್ಪಿಲ್ಲ. ಕನ್ನಡದಲ್ಲಿ ಹೇಳಿ ಅಂದರೆ ಎಲ್ಲರೂ ‘ಫೀಸು ಕಟ್ಟಬೇಕು’ ಅನ್ನುತ್ತಾರೆ. ತೊಡಕಿರುವುದೇ ಅಲ್ಲಿ. ನಾನು ಫೀಸು ಕಟ್ಟಬೇಕು, ನೀವು ಫೀಸು ಕಟ್ಟಬೇಕು, ಅವಳು ಫೀಸು ಕಟ್ಟಬೇಕು, ಬರಿದೆ ಫೀಸು ಕಟ್ಟಬೇಕು: ನಾಲ್ಕರಲ್ಲೂ ಕ್ರಿಯಾಪದ ಒಂದೇ. ‘ಬೇಕು’ ಲಿಂಗ ವಚನ ಪುರುಷ ಯಾವುದನ್ನೂ ಕೇಳುವುದಿಲ್ಲ. ಕರ್ತೃವನ್ನು ತೆಗೆದರೂ ವಾಕ್ಯ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಕರ್ತೃವಿನ ಕುರ್ಚಿ ಖಾಲಿ ಇರುವಂತಿಲ್ಲ. ಕಟ್ಟುವವನನ್ನು ಎಬ್ಬಿಸಿದರೆ ಫೀಸನ್ನೇ ತಂದು ಅಲ್ಲಿ ಕೂರಿಸಬೇಕು. ಹಾಗೆ ಕೂರಿಸಿದ್ದಕ್ಕೆ ಗುರುತು ‘ಬಿ ಪೇಯ್ಡ್’. ನಮ್ಮ ಮಕ್ಕಳಿಗೆ ಆ ‘ಬಿ’ ಸುಮ್ಮನೆ ಮಧ್ಯೆ ಬಂದ ಸದ್ದು.

ಪಕ್ಕದ ಕೋಣೆಯಲ್ಲಿ ಕನ್ನಡ ಮೇಷ್ಟ್ರು ಕರ್ಮಣಿ ಪ್ರಯೋಗ ಮಾಡುತ್ತಾರೆ: ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು.’ ಅಲ್ಲಿ ಕಲಿತ ‘ಅಲ್ಪಡು’ವನ್ನು ಮಕ್ಕಳು ನನ್ನ ಕ್ಲಾಸಿಗೂ ಹೊತ್ತು ತಂದು, ಫೀಸು ‘ಕಟ್ಟಲ್ಪಡಬೇಕು’ ಅನ್ನುತ್ತಾರೆ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕವನ್ನೇ ಬರೆದರು. ಇಂಗ್ಲಿಷ್ ಕಲಿಸುವುದಕ್ಕೂ ಆ ಕನ್ನಡದ್ದೇ ವ್ಯಾಕರಣ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಆದ್ದರಿಂದ ಇವತ್ತು ‘ಅಲ್ಪಡು’ವನ್ನು ಪೂರ್ತಿ ಕೈಬಿಟ್ಟೆ. ಊರಲ್ಲಿ ನೀವು ನೋಡಿದ, ಕೇಳಿದ ವಾಕ್ಯ ಹೇಳಿ. ಕೊನೆಯಲ್ಲಿ ಬೇಕು, ಬಹುದು, ಬಾರದು ಬರಬೇಕು. ಮಾಡುವವರು ಕಾಣಬಾರದು ಅಂದೆ. ಸುರಿಮಳೆ! ‘ಚಪ್ಪಲಿ ಇಲ್ಲೇ ಬಿಡಬೇಕು.’ ‘ಗೋಡೆಗೆ ಪೋಸ್ಟರ್ ಅಂಟಿಸಬಾರದು.’ ಕೊಕ್ಕರೆ ಬೆಳ್ಳೂರಿನ ಕಡೆಯ ಹುಡುಗ ‘ನಮ್ಮೂರ ಮರದ ಮೇಲೆ ಕೊಕ್ಕರೆ, ಹೆಜ್ಜಾರ್ಲೆ ನೋಡಬಹುದು’ ಅಂದ. ಒಂದೊಂದಕ್ಕೂ ‘ಬಿ’ ಮತ್ತು ಥರ್ಡ್ ಫಾರ್ಮ್ ಹಾಕುತ್ತಾ ಹೋದೆವು: ಮಸ್ಟ್ ಬಿ ಲೆಫ್ಟ್, ಮಸ್ಟ್ ನಾಟ್ ಬಿ ಪೇಸ್ಟೆಡ್, ಕ್ಯಾನ್ ಬಿ ಸೀನ್. ಹೆಜ್ಜಾರ್ಲೆ ಅಂದರೆ ಪೆಲಿಕನ್ ಅಂತ ಹುಡುಗನೇ ಹೇಳಿದ.

‘ವಿಲ್ ಬಿ ಹ್ಯಾಪನ್ಡ್’ಗೆ ಬೇರೆ ಔಷಧಿ. ಕ್ರಿಯಾಪದಕ್ಕೆ ‘ಏನನ್ನು?’ ಅಂತ ಕೇಳಿ ಅಂದೆ. ಏನನ್ನು ಕಟ್ಟಬೇಕು? ಫೀಸನ್ನು. ಏನನ್ನು ಬಂತು? ನಗು. ಏನನ್ನು ನಡೆಯಿತು? ಇನ್ನೂ ನಗು. ಉತ್ತರ ಬರದಿದ್ದರೆ ಅಲ್ಲಿ ಪ್ಯಾಸಿವ್ ಇಲ್ಲ. ಹ್ಯಾಪನ್, ಕಮ್, ಅರೈವ್, ಡೈ, ಇವುಗಳಿಗೆ ‘ಬಿ’ ಹಾಕಿ ಪ್ಯಾಸಿವ್ ಮಾಡುವಂತಿಲ್ಲ.

ಸೆಪ್ಟೆಂಬರ್ 10, ಭಾನುವಾರ. ಮಳವಳ್ಳಿ

ಅಕ್ಕನ ಮನೆ. ರೇಷ್ಮೆ ಹುಳ ಮೂರನೇ ಜ್ವರ ಬಿಟ್ಟು ಎದ್ದಿದೆ, ಸೊಪ್ಪು ಕತ್ತರಿಸಿ ಕತ್ತರಿಸಿ ಅಕ್ಕನ ಬೆರಳೆಲ್ಲ ಹಸಿರು. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆಯುವವರಿದ್ದಾರೆ. ಗಾಳಿ ನಮ್ಮ ಹಿಪ್ಪುನೇರಳೆ ಕಡೆಗೇ ಬೀಸುತ್ತದೆ ಅನ್ನುವುದು ಭಾವನ ಚಿಂತೆ. ಅವರ ಹತ್ತಿರದಿಂದಲೇ ಬಾಟ್ಲಿ ಕೇಳಿ ತಂದಿದ್ದರು. ಮೇಲೆ ಹಳದಿ ತ್ರಿಕೋನ. ಕೆಂಪಾಗಿದ್ದರೆ ಅತಿ ವಿಷ, ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಹಸಿರು. ಇದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಒಳಗಿನ ಚೀಟಿಯಲ್ಲಿ ಹತ್ತಾರು ಭಾಷೆ, ಇರುವೆಯಷ್ಟು ಅಕ್ಷರ, ಕನ್ನಡದ ಭಾಗ ಹರಿದುಹೋಗಿತ್ತು. ಪಿಯುಸಿ ಓದುವ ಅಕ್ಕನ ಮಗನ ಕೈಗೆ ಕೊಟ್ಟರು. ಹಿಪ್ಪುನೇರಳೆ ಹತ್ತಿರ ‘ಮಸ್ಟ್ ನಾಟ್ ಬಿ ಸ್ಪ್ರೇಡ್’ ಅಂತ ಇದ್ದ ಸಾಲು ಓದಿ, “ಇಪ್ನೇರ್ಳೆ ಹತ್ರ ಹೊಡೀಬೇಕಾಗಿಲ್ಲ ಅಂತದೆ ಅಪ್ಪ” ಅಂದ.

ಭಾವ ಬಿಡಲಿಲ್ಲ. “ಹೊಡೀಬೇಕಾಗಿಲ್ಲ ಅಂತ್ಲೋ, ಹೊಡೀಬಾರ್ದು ಅಂತ್ಲೋ? ಸರ್ಯಾಗ್ ಯೋಳ್ಲಾ. ಹೊಡೀಬೇಕಾಗಿಲ್ಲ ಅಂದ್ರೆ ಹೊಡುದ್ರೂ ನಡೀತದೆ ಅಂತ. ಹೊಡೀಬಾರ್ದು ಅಂದ್ರೆ ನನ್ ಹುಳ ಪೂರಾ ಸತ್ತೋಯ್ತವೆ.”

ಹುಡುಗ ನನ್ನ ಮುಖ ನೋಡಿದ. “ಹೊಡೀಬಾರ್ದು ಅಂತ” ಅಂದೆ. ಭಾವ ಬಾಟ್ಲಿ ಎತ್ತಿಕೊಂಡು ಆಗಲೇ ಪಕ್ಕದ ಹೊಲಕ್ಕೆ ಹೊರಟರು.

ಹುಡುಗ ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಮಸ್ಟ್ ಅಂದರೆ ಬೇಕು ಅಂತ ಬಾಯಿಪಾಠ ಮಾಡಿಸಿರುತ್ತೇವೆ. ನಾಟ್ ಸೇರಿದ ಕೂಡಲೆ ಅದು ‘ಬೇಕಾಗಿಲ್ಲ’ ಆಗಿಬಿಡುತ್ತದೆ. ಇಂಗ್ಲಿಷಿನ ಮಸ್ಟ್ ನಾಟ್ ಕಟ್ಟುನಿಟ್ಟಿನ ನಿಷೇಧ. ‘ಬೇಕಾಗಿಲ್ಲ’ಕ್ಕೆ ಅಲ್ಲಿ ಬೇರೆಯದೇ ಮಾತಿದೆ: ನೀಡ್ ನಾಟ್. ನಮ್ಮಲ್ಲೂ ಬೇಕು ಒಂದು, ಬೇಕಾಗಿಲ್ಲ ಒಂದು, ನಿಷೇಧಕ್ಕೆ ಬಾರದು, ಕೂಡದು ಅಂತ ಬೇರೆಯೇ ಇವೆ. ಮೂರು ಮನೆ ಅಲ್ಲೂ ಇವೆ, ಇಲ್ಲೂ ಇವೆ, ಜೋಡಿಸಿ ಕೊಟ್ಟರಾಯಿತು. ಮಸ್ಟ್ ಬಿ ಸ್ಪ್ರೇಡ್: ಹೊಡೆಯಬೇಕು. ಮಸ್ಟ್ ನಾಟ್ ಬಿ ಸ್ಪ್ರೇಡ್: ಹೊಡೆಯಬಾರದು. ನೀಡ್ ನಾಟ್ ಬಿ ಸ್ಪ್ರೇಡ್: ಹೊಡೆಯಬೇಕಾಗಿಲ್ಲ. ‘ಮೇ ನಾಟ್ ಬಿ’ ಎಂಬುದು ಇನ್ನೂ ತಂಟೆಕೋರ. ನೋಟಿಸಿನಲ್ಲಿ ಬಂದರೆ ಕೂಡದು, ಮಾತಿನಲ್ಲಿ ಬಂದರೆ ಆಗದಿರಬಹುದು. ಎಲ್ಲಿ ಬಂದಿದೆ ಅಂತ ನೋಡಿಯೇ ಅರ್ಥ ಮಾಡಬೇಕು.

ನಾಳೆ ಕ್ಲಾಸಿನಲ್ಲಿ ಭಾವನ ಪ್ರಶ್ನೆಯನ್ನೇ ಬರೆಯಬೇಕು. ಯಾವ ಗೈಡೂ ಈ ವ್ಯತ್ಯಾಸವನ್ನು ಇಷ್ಟು ಚುರುಕಾಗಿ ಹೇಳಿಲ್ಲ.

ಸೆಪ್ಟೆಂಬರ್ 15, ಶುಕ್ರವಾರ. ಮದ್ದೂರು

ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನ. ರಾಜ್ಯದ ಎಲ್ಲ ಶಾಲೆಗಳಲ್ಲೂ ಸಂವಿಧಾನ ಪೀಠಿಕೆ ಓದಿಸಬೇಕೆಂದು ಆದೇಶ ಬಂದಿತ್ತು. ಮಕ್ಕಳು ಸಾಲಾಗಿ ನಿಂತು ಜೋರಾಗಿ ಓದಿದರು. ಧೂಳಿನಲ್ಲಿ, ಬಿಸಿಲಲ್ಲಿ, ಆದರೂ ಚೆನ್ನಾಗಿತ್ತು.

ಮಧ್ಯಾಹ್ನದ ಕ್ಲಾಸಿಗೆ ಇಂಗ್ಲಿಷ್ ಪೀಠಿಕೆ ತಂದೆ. ಪ್ಯಾಸಿವ್ ಹುಡುಕಿ ಅಂದೆ. ಹುಡುಕಿದರು, ಹುಡುಕಿದರು, ಮುಖ್ಯ ಕ್ರಿಯೆಯಲ್ಲಿ ಸಿಗಲಿಲ್ಲ. ಸಿಗುವುದೂ ಇಲ್ಲ. ‘ಭಾರತದ ಜನರಾದ ನಾವು’ ಅಂತ ಕರ್ತೃ ಮೊದಲೇ ಬಂದು ಕೂತಿದ್ದಾರೆ. ಅಂಗೀಕರಿಸುವವರೂ ನಾವೇ, ಕೊಟ್ಟುಕೊಳ್ಳುವವರೂ ನಾವೇ.

ಒಳಗೆ ವಿಧಿಗಳಿಗೆ ಹೋದರೆ ಶಲ್‌ಗಳ ರಾಜ್ಯ. 21ನೇ ವಿಧಿ ನೋಡಿದೆವು: ಕಾನೂನಿನ ಕ್ರಮಕ್ಕೆ ಹೊರತಾಗಿ ಯಾವ ವ್ಯಕ್ತಿಯ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ. ಇಂಗ್ಲಿಷಿನಲ್ಲಿ ‘ನೋ ಪರ್ಸನ್ ಶಲ್ ಬಿ ಡಿಪ್ರೈವ್ಡ್’, ಬೈ ಇಲ್ಲ. 24ನೇ ವಿಧಿಯೂ ಹಾಗೆಯೇ: ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಾರ್ಖಾನೆ, ಗಣಿ ಮುಂತಾದ ಅಪಾಯದ ಕೆಲಸಕ್ಕೆ ಹಚ್ಚಕೂಡದು, ‘ನೋ ಚೈಲ್ಡ್ … ಶಲ್ ಬಿ ಎಂಪ್ಲಾಯ್ಡ್’. ಅಲ್ಲೂ ಬೈ ಇಲ್ಲ.

ಕರ್ತೃ ಕಾಣದಿರುವುದೆಲ್ಲ ಮೋಸ ಅಂತ ಮಕ್ಕಳು ತಿಳಿದುಬಿಟ್ಟಾರು, ಅದಕ್ಕೆ ಇಲ್ಲಿ ನಿಂತು ವಿವರಿಸಿದೆ. 24ನೇ ವಿಧಿಯಲ್ಲಿ ‘ಕಾರ್ಖಾನೆಯ ಮಾಲೀಕನಿಂದ’ ಅಂತ ಸೇರಿಸಿದ್ದರೆ ಏನಾಗುತ್ತಿತ್ತು? ಮೇಸ್ತ್ರಿ ತಪ್ಪಿಸಿಕೊಳ್ಳುತ್ತಿದ್ದ, ಗುತ್ತಿಗೆದಾರ ತಪ್ಪಿಸಿಕೊಳ್ಳುತ್ತಿದ್ದ. ಬೈ ಬಿಟ್ಟಿದ್ದರಿಂದ ಅದು ಎಲ್ಲರಿಗೂ ಅನ್ವಯಿಸುತ್ತದೆ. ನಿಷೇಧ ಹೇಳುವಾಗ ಕರ್ತೃ ಇಲ್ಲದ ವಾಕ್ಯ ಬಲೆ ಅಗಲ ಮಾಡುತ್ತದೆ.

ಕರ್ತವ್ಯ ಹೇಳುವಾಗ ಸಂವಿಧಾನವೇ ದಾರಿ ಬದಲಿಸುತ್ತದೆ. 14ನೇ ವಿಧಿಯಲ್ಲಿ, 21-ಎ ವಿಧಿಯಲ್ಲಿ ಕರ್ತೃ ಎದುರಿಗೇ ಇದೆ: ‘ದ ಸ್ಟೇಟ್ ಶಲ್’. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕಾದವರು ಯಾರು ಅಂತ ಊಹಿಸಬೇಕಾಗಿಲ್ಲ. “ಅಂದ್ರೆ ನಮ್ಮ್ ಸ್ಕೂಲ್ ನಡೆಸಬೇಕಾದೋರು ಸರ್ಕಾರದೋರೇ” ಅಂದಳು ಒಬ್ಬಳು. ಹೌದು ಅಂದೆ.

ಸೆಪ್ಟೆಂಬರ್ 23, ಶನಿವಾರ. ಮಂಡ್ಯ

ಬಂದ್. ಮಂಡ್ಯವೂ ಮುಚ್ಚಿದೆ, ಮದ್ದೂರೂ ಮುಚ್ಚಿದೆ. ಮೊನ್ನೆ ಗುರುವಾರ ಸುಪ್ರೀಂ ಕೋರ್ಟು ನೀರು ಬಿಡುವ ಆದೇಶದಲ್ಲಿ ಮಧ್ಯಪ್ರವೇಶ ಮಾಡುವುದಿಲ್ಲ ಅಂದದ್ದೇ ತಡ, ಸಂಜಯ ಸರ್ಕಲ್ಲು ತುಂಬಿಹೋಗಿದೆ. ಕೆಆರ್‌ಎಸ್ 124.80 ಅಡಿಗೆ ತುಂಬಬೇಕಾದ ಕಟ್ಟೆ. ಈಗ ನೂರಕ್ಕಿಂತ ಕೆಳಗಿದೆ. ಸರ್ಕಾರ ಈ ತಿಂಗಳೇ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದೆ.

ಮನೆಯಲ್ಲಿ ಕೂತು ಕಾವೇರಿಯ ಹಳೆಯ ಕಾಗದಗಳನ್ನು ಓದಿದೆ. ನನ್ನ ಕಣ್ಣು ಹೋಗುವುದು ಕ್ರಿಯಾಪದಕ್ಕೇ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದ ತಲೆಬರಹವೇ ಒಂದು ಪಾಠ: ಮದರಾಸು ಸರ್ಕಾರಕ್ಕೆ ಮೊದಲೇ ತಿಳಿಸದೆ ಮೈಸೂರು ಸಂಸ್ಥಾನ ಯಾವ ಎಲ್ಲೆಯೊಳಗೆ ಹೊಸ ನೀರಾವರಿ ಕೆಲಸ ಕಟ್ಟಕೂಡದು ಎಂಬ ನಿಯಮಗಳು. ಇಂಗ್ಲಿಷಿನಲ್ಲಿ ‘ಆರ್ ಟು ಬಿ ಕನ್‌ಸ್ಟ್ರಕ್ಟೆಡ್ ಬೈ ದ ಮೈಸೂರ್ ಸ್ಟೇಟ್’. ‘ಆರ್ ಟು ಬಿ’ ಅಂದರೆ ಮಸ್ಟ್ ಬಿ, ಶಲ್ ಬಿ ಮನೆತನದ್ದೇ. ಇಲ್ಲಿ ಬೈ ಬಿಟ್ಟಿಲ್ಲ, ಮರೆತಿಲ್ಲ. ಕಟ್ಟು ಬಿದ್ದದ್ದು ಮೈಸೂರಿಗೆ, ಮೈಸೂರಿನ ಹೆಸರು ಸ್ಪಷ್ಟವಾಗಿದೆ. ಕಾಗದ ಬರೆಯುವವರು ಭಾರ ಎದುರಿನವನ ಮೇಲೆ ಹೊರಿಸುವಾಗ ಅವನ ಹೆಸರು ಬರೆಯಲು ಮರೆಯುವುದಿಲ್ಲ.

ಆ ಕಟ್ಟಿನೊಳಗೇ 1911ರಲ್ಲಿ ಕನ್ನಂಬಾಡಿ, ಅಂದರೆ ಇದೇ ಕೆಆರ್‌ಎಸ್ ಕಟ್ಟೆಯ ಕೆಲಸ ಶುರುವಾಯಿತು. 1924ರಲ್ಲಿ ಮತ್ತೊಂದು ಒಪ್ಪಂದ. 1990ರಲ್ಲಿ ನ್ಯಾಯಾಧಿಕರಣ, 2007ರ ಫೆಬ್ರುವರಿ 5ರಂದು ಅದರ ಅಂತಿಮ ತೀರ್ಪು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ 284.75 ಮಾಡಿತು, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 177.25 ಟಿಎಂಸಿ ಆಯಿತು. ಈ ಅಂಕಿಗಳು ಮಳೆ ಸರಿಯಾಗಿ ಬಂದ ವರ್ಷದ್ದು. ಮಳೆ ಕೈಕೊಟ್ಟ ವರ್ಷ ಸಂಕಷ್ಟವನ್ನೂ ಹಂಚಿಕೊಳ್ಳಬೇಕು ಅನ್ನುತ್ತಾರೆ. ಎಷ್ಟಕ್ಕೆಷ್ಟು ಎಂಬಲ್ಲಿ ಬಂದು ಎಲ್ಲ ನಿಲ್ಲುತ್ತದೆ. ಇದೇ ‘ಬಿಡಬೇಕು’ ತಂಜಾವೂರಿನ ರೈತನ ಬಾಯಲ್ಲಿ ‘ಇಷ್ಟು ಹೊತ್ತಿಗೆ ಬಿಡಬೇಕಿತ್ತು’ ಆಗಿರುತ್ತದೆ. ಅವನ ಕುರುವೈ ಪೈರೂ ಒಣಗುತ್ತಿದೆ. ಕ್ಲಾಸಿನಲ್ಲಿ ಇದನ್ನೂ ಹೇಳಬೇಕು.

ಅಕ್ಟೋಬರ್ 2, ಸೋಮವಾರ. ಮದ್ದೂರು

ಗಾಂಧಿ ಜಯಂತಿ. ಧ್ವಜಾರೋಹಣ ಮುಗಿಸಿ ಮಕ್ಕಳನ್ನು ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋದೆವು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದ್ದು ಇಲ್ಲೇ. ಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆ ಇತ್ತು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದವರು ಆಜ್ಞೆ ಮುರಿದು ಹಾರಿಸಿದರು, ಬಂಧನಕ್ಕೂ ಒಳಗಾದರು. ಆಜ್ಞೆಯಲ್ಲಿ ‘ಹಾರಿಸಕೂಡದು’, ಇತಿಹಾಸದಲ್ಲಿ ‘ಹಾರಿಸಿದರು’. ಮಕ್ಕಳಿಗೆ ಇದಕ್ಕಿಂತ ಹೆಚ್ಚು ಹೇಳಲಿಲ್ಲ.

ಅಕ್ಟೋಬರ್ 4, ಬುಧವಾರ. ಮದ್ದೂರು

ಇವತ್ತು ‘ಹ್ಯಾವ್ ಬೀನ್’. ಆಗಿಹೋದ ಕಾಲದ ಬಗ್ಗೆ ಮೋಡಲ್ ಮತ್ತು ಪ್ಯಾಸಿವ್ ಒಟ್ಟಿಗೆ ಬಂದಾಗ ‘ಬಿ’ ಹೋಗಿ ‘ಹ್ಯಾವ್ ಬೀನ್’ ಬರುತ್ತದೆ. ಶುಡ್ ಹ್ಯಾವ್ ಬೀನ್ ಪೇಯ್ಡ್. ಮಸ್ಟ್ ಹ್ಯಾವ್ ಬೀನ್ ಪೇಯ್ಡ್. ಮಕ್ಕಳು ಎರಡಕ್ಕೂ ‘ಕೊಡಬೇಕು’ ಅಂತ ಬರೆದುಕೊಂಡು ಕೂತಿದ್ದರು.

ಕಬ್ಬಿನ ಬಿಲ್ಲು ಹಿಡಿದೆ. ಈ ಕ್ಲಾಸಿನಲ್ಲಿ ಕಬ್ಬಿನ ದುಡ್ಡಿಗೆ ಕಾಯದ ಮನೆ ಕಡಿಮೆ.

“ನಿಮ್ಮಪ್ಪ ಬ್ಯಾಂಕಿಗೆ ಹೋಗಿದ್ದಾರೆ. ನೀನು ಮನೇಲಿದ್ದೀಯ. ಅಪ್ಪ ಸಂಜೆ ಹೊಸ ಪಂಚೆ, ಒಂದು ಕಟ್ಟು ಮದ್ದೂರು ವಡೆ ತಗೊಂಡು ನಗ್ತಾ ಬಂದ್ರು. ಏನಂದ್ಕೋತೀಯ?”

“ಬಿಲ್ ಬಂದಿರ್ಬೇಕು ಮಿಸ್.”

“ಬರಿಗೈಲಿ, ಮುಖ ಊದಿಸ್ಕೊಂಡು ಬಂದ್ರು?”

“ಬಿಲ್ ಬರ್ಬೇಕಿತ್ತು, ಬಂದಿಲ್ಲ.”

ಎರಡೂ ಉತ್ತರಕ್ಕೆ ಒಂದು ಗಳಿಗೆ ಯೋಚಿಸಲಿಲ್ಲ. ಮೊದಲನೆಯದರಲ್ಲಿ ‘ಬರು’ ಮುಗಿದಿದೆ, ‘ಬೇಕು’ ಊಹೆ. ಎರಡನೆಯದರಲ್ಲಿ ‘ಬೇಕು’ ಬಾಧ್ಯತೆ, ‘ಇತ್ತು’ ಬಂದು ಅದು ಈಡೇರಲಿಲ್ಲ ಅನ್ನುತ್ತದೆ. ಕೊಟ್ಟಿರಬೇಕು, ಕೊಡಬೇಕಿತ್ತು. ಮಸ್ಟ್ ಹ್ಯಾವ್ ಬೀನ್ ಪೇಯ್ಡ್, ಶುಡ್ ಹ್ಯಾವ್ ಬೀನ್ ಪೇಯ್ಡ್. ಒಂದಕ್ಕೆ ಹಬ್ಬ, ಇನ್ನೊಂದಕ್ಕೆ ಸಾಲದವನ ಕಾಟ. ಹೀಗೆ ಜೋಡಿಸಿ ಕೊಟ್ಟ ಮೇಲೆ ಒಬ್ಬರೂ ತಪ್ಪಲಿಲ್ಲ. ‘ಮೈಟ್ ಹ್ಯಾವ್ ಬೀನ್ ಪೇಯ್ಡ್’ ಏನು ಅಂದಾಗ ಹಿಂದಿನ ಬೆಂಚಿನವನೇ, “ಕೊಟ್ಟಿದ್ರೂ ಕೊಟ್ಟಿರಬಹುದು, ನಂಬೋಕಾಗಲ್ಲ” ಅಂದ. ಸರಿ.

ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ತಿಳಿಸಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಗಮನಿಸಬೇಕಾದ್ದು, ಆದೇಶದಲ್ಲಿ ಕೊಡುವವನು ಯಾರೆಂದು ಬರೆದಿದೆ. ನಮ್ಮ ಮಾತಿಗೆ ಬರುವ ಹೊತ್ತಿಗೆ ಅದು ‘ದುಡ್ಡು ಬರಬೇಕು’ ಆಗಿರುತ್ತದೆ, ಮಳೆ ಬರಬೇಕು ಅಂದ ಹಾಗೆ. ಬಡ್ಡಿಯ ವಿಷಯ ಮಕ್ಕಳಿಗೆ ಹೊಸದು. ಮನೆಗೆ ಹೋಗಿ ಹೇಳುತ್ತೇವೆ ಅಂದರು.

ನವೆಂಬರ್ 1, ಬುಧವಾರ. ಮಂಡ್ಯ

ರಾಜ್ಯೋತ್ಸವ. ‘ಕರ್ನಾಟಕ’ ಅಂತ ಹೆಸರಾಗಿ ಐವತ್ತು ವರ್ಷ ತುಂಬಿದ ಸಂಭ್ರಮ, ಊರೆಲ್ಲ ಹಳದಿ ಕೆಂಪು.

ಆಡಳಿತದ ಕನ್ನಡದ ಬಗ್ಗೆ ಭಾಷಣ ಕೇಳುತ್ತ ಕೂತಿದ್ದಾಗ ನನ್ನ ಪಾಠವೇ ನೆನಪಾಯಿತು. ಇಂಗ್ಲಿಷಿನ ‘ವಿಲ್ ಬಿ ಟೇಕನ್’ ನಮ್ಮ ಕಚೇರಿಗಳಿಗೆ ಬಂದು ‘ಕೈಗೊಳ್ಳಲಾಗುವುದು’ ಆಗಿ ಮನೆ ಮಾಡಿದೆ. ದಂಡ ವಿಧಿಸಲಾಗುವುದು, ಅರ್ಜಿ ಪರಿಶೀಲಿಸಲಾಗುವುದು, ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷಿಸಲಾಗುವುದು. ಕೊನೆಯ ವಾಕ್ಯದ ‘ಅವರನ್ನು’ ನೋಡಬೇಕು. ಕರ್ಮಣಿಯಾಗಿದ್ದರೆ ‘ಅವರು ಶಿಕ್ಷಿಸಲ್ಪಡುವರು’ ಅಂತ ಕರ್ಮ ಎದ್ದು ಕರ್ತೃವಿನ ಕುರ್ಚಿಗೆ ಬರಬೇಕಿತ್ತು. ಇಲ್ಲಿ ಕರ್ಮ ‘ಅನ್ನು’ ಹೊದ್ದುಕೊಂಡು ತನ್ನ ಜಾಗದಲ್ಲೇ ಇದೆ, ಕುರ್ಚಿ ಖಾಲಿಯೇ ಇದೆ. ಕುರ್ಚಿ ಖಾಲಿ ಬಿಡುವ ಕಲೆಯಲ್ಲಿ ಕಚೇರಿ ಕನ್ನಡ ಇಂಗ್ಲಿಷನ್ನೂ ಮೀರಿಸಿದೆ.

ಇದಕ್ಕೆ ಮದ್ದು ಕೂಡ ಕಾನೂನಿನಲ್ಲೇ ಬಂದಿದೆ. ಸಕಾಲ, ಅಂದರೆ 2011ರ ಕರ್ನಾಟಕ ನಾಗರಿಕ ಸೇವಾ ಖಾತರಿ ಕಾಯ್ದೆ, ಒಂದೊಂದು ಸೇವೆಗೂ ಯಾವ ಅಧಿಕಾರಿ, ಎಷ್ಟು ದಿನದೊಳಗೆ ಅಂತ ಗೊತ್ತುಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಮೊತ್ತ ಚಿಕ್ಕದು. ಆದರೆ ‘ಕೊಡಲಾಗುವುದು’ ಎಂಬಲ್ಲಿ ಒಬ್ಬ ಮನುಷ್ಯ ಬಂದು ಕೂತ. ಮಾಹಿತಿ ಹಕ್ಕು ಕಾಯ್ದೆಯೂ 30 ದಿನದ ಗಡುವು ಕೊಟ್ಟು, ದಂಡವನ್ನು ಮಾಹಿತಿ ಅಧಿಕಾರಿಯ ತಲೆಗೇ ಕಟ್ಟಿತು.

ನವೆಂಬರ್ 9, ಗುರುವಾರ. ಮದ್ದೂರು

ಪತ್ರಲೇಖನದ ಪಾಠ. ಮೊನ್ನೆ ಮಂಗಳವಾರ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಹತ್ತಿರ ಕಾರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು ಐವರು ಸತ್ತರು. ಅದೇ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸು ನಾಲೆಗೆ ಉರುಳಿ 30 ಜನ ಹೋಗಿದ್ದರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಮಕ್ಕಳ ಮಾತೆಲ್ಲ ಅದೇ. ನಾಲೆಗೆ ತಡೆಗೋಡೆ ಕಟ್ಟುವ ಬಗ್ಗೆಯೇ ಬರೆಯಿರಿ ಅಂದೆ.

ವ್ಯಾಕರಣ ಇವತ್ತು ಬಹುಮಟ್ಟಿಗೆ ಸರಿಯಾಗಿದೆ. ‘ಎ ವಾಲ್ ಶುಡ್ ಬಿ ಬಿಲ್ಟ್.’ ‘ಎ ವಾಲ್ ಶುಡ್ ಹ್ಯಾವ್ ಬೀನ್ ಬಿಲ್ಟ್ ಅರ್ಲಿಯರ್.’ ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಪತ್ರವನ್ನು ಪತ್ರ ಅಂತ ಓದಿದರೆ ಎಲ್ಲದರಲ್ಲೂ ಒಂದೇ ಕೊರತೆ. ಕಟ್ಟಬೇಕಾದವರು ನೀರಾವರಿಯವರೋ, ಲೋಕೋಪಯೋಗಿಯವರೋ, ಪಂಚಾಯಿತಿಯವರೋ? ಒಬ್ಬಳ ಅಪ್ಪ ಹೋದ ವರ್ಷ ಊರಿನ ದಾರಿದೀಪಕ್ಕೆ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದರಂತೆ. ‘ದೀಪ ಹಾಕಿಸಬೇಕು’ ಅಂತ ಅವರು ಬರೆದರು, ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂತು. ಎರಡು ಕಾಗದದಲ್ಲೂ ಮನುಷ್ಯರಿಲ್ಲ. ದೀಪವೂ ಇಲ್ಲ.

ಎಲ್ಲ ಪತ್ರಗಳನ್ನೂ ಹಿಂದಕ್ಕೆ ಕೊಟ್ಟು ಇನ್ನೊಮ್ಮೆ ಬರೆಸಿದೆ. ಆ ನಾಲೆ ಯಾವ ಕಚೇರಿಗೆ ಸೇರಿದ್ದು ಅಂತ ವಿಚಾರಿಸಿಕೊಂಡು ಬನ್ನಿ, ಆ ಕಚೇರಿಯ ಅಧಿಕಾರಿಯ ಹುದ್ದೆ ಬರೆಯಿರಿ, ಯಾವ ಊರಿನಿಂದ ಯಾವ ಊರಿನವರೆಗೆ ಅಂತ ಬರೆಯಿರಿ, ಎಂದಿನೊಳಗೆ ಅಂತ ಬರೆಯಿರಿ ಅಂದೆ.

ಪುಟದ ಕೊನೆಗೆ ನನ್ನ ತೀರ್ಮಾನ ಬರೆದಿಡುತ್ತೇನೆ, ಮುಂದಿನ ವರ್ಷದ ಪಾಠಯೋಜನೆಗೂ ಬೇಕಾಗುತ್ತದೆ. ಮೋಡಲ್, ‘ಬಿ’, ಥರ್ಡ್ ಫಾರ್ಮ್: ಇದು ಪರೀಕ್ಷೆಯಲ್ಲಿ ಒಂದೋ ಎರಡೋ ಅಂಕದ ವಿಷಯ, ‘ಬೇಕು’ ‘ಬಹುದು’ ‘ಬಾರದು’ ಹಿಡಿದುಕೊಂಡು ಹೋದರೆ ನಮ್ಮ ಮಕ್ಕಳಿಗೆ ಸುಲಭವಾಗಿ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಬಾರದು. ಬೇರೆಯವರು ಬರೆದದ್ದನ್ನು ಓದುವಾಗ ‘ಯಾರಿಂದ?’ ಅಂತ ಕೇಳುವುದನ್ನು, ತಾವು ಅರ್ಜಿ ಬರೆಯುವಾಗ ಯಾರು, ಎಂದಿನೊಳಗೆ ಅಂತ ಬರೆಯುವುದನ್ನು ಅದರ ಜೊತೆಗೇ ಕಲಿಸಬೇಕು. ಕಲಿಸಬೇಕಾದವರು ಇಂಗ್ಲಿಷ್ ಟೀಚರುಗಳಾದ ನಾವೇ, ಹತ್ತನೇ ತರಗತಿ ಮುಗಿಯುವುದರೊಳಗೆ.